ತರಗತಿಗೆ ಒಂದು ಪುಸ್ತಕ, ಮಗುವಿನ ಕೈಗೆ ಇನ್ನೊಂದು

ಮಕ್ಕಳಿಗೆ ಪುಸ್ತಕ ಸೂಚಿಸುವುದು ಸುಲಭದ ಕೆಲಸವೆಂದು ನಂಬಿದವರೇ ಹೆಚ್ಚು. ‘ಹುಡುಗನಿಗೆ ಒಂಬತ್ತು ವರ್ಷ, ಏನು ಓದಿಸಲಿ?’ ಎಂದು ಯಾರಾದರೂ ಕೇಳಿದೊಡನೆ ತಾವು ಬಾಲ್ಯದಲ್ಲಿ ಮೆಚ್ಚಿದ ಪುಸ್ತಕದ ಹೆಸರು ಹೇಳಿ ಮುಗಿಸುತ್ತಾರೆ. ಪುಸ್ತಕ ಮನೆಗೆ ಬರುತ್ತದೆ, ಮೊದಲ ಅಧ್ಯಾಯದಲ್ಲೇ ನಿಲ್ಲುತ್ತದೆ, ಆಮೇಲೆ ‘ಇವನಿಗೆ ಓದುವ ಆಸಕ್ತಿಯೇ ಇಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಶಾಲೆಗಳಲ್ಲಿ ನಡೆಯುವ ಎಡವಟ್ಟು ಸ್ವಲ್ಪ ಬೇರೆ ಬಗೆಯದು: ಶಿಕ್ಷಕರ ನೆರವಿನಿಂದ ಇಡೀ ತರಗತಿ ಕೂಡಿ ಓದಬೇಕಾದ ಪುಸ್ತಕವನ್ನು ಮಗುವಿನ ಕೈಗಿತ್ತು ‘ರಜೆಯಲ್ಲಿ ಓದಿಕೊಂಡು ಬಾ’ ಎನ್ನುತ್ತಾರೆ, ಮಗು ಒಂದೇ ಸಂಜೆಯಲ್ಲಿ ತಾನಾಗಿ ಓದಿ ಮುಗಿಸಬಲ್ಲ ಪುಸ್ತಕವನ್ನು ತರಗತಿಯಲ್ಲಿ ವಾರಗಟ್ಟಲೆ ಎಳೆಯುತ್ತಾರೆ. ಈ ಎರಡು ಬಗೆಯ ಓದಿಗೆ ಬೇಕಾದ ಪುಸ್ತಕಗಳೇ ಬೇರೆ ಎಂಬುದನ್ನು ಒಪ್ಪಿಕೊಂಡರೆ ಮುಂದಿನ ಹಂತಗಳು ತಾವಾಗಿಯೇ ಒಂದು ಕ್ರಮಕ್ಕೆ ಬರುತ್ತವೆ.

ಮೊದಲ ಹಂತ: ಓದುವವರು ಯಾರೆಂದು ನಿರ್ಧರಿಸಿ

ಪುಸ್ತಕದ ಹೆಸರು ಯೋಚಿಸುವ ಮೊದಲು ಅದು ಹೇಗೆ ಓದಿಸಿಕೊಳ್ಳಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಶಿಕ್ಷಕರು ಗಟ್ಟಿಯಾಗಿ ಓದಿ ಮಕ್ಕಳು ಕೇಳುವ ಪುಸ್ತಕ, ಎಲ್ಲರೂ ಪ್ರತಿ ಹಿಡಿದು ಚರ್ಚಿಸುತ್ತಾ ಓದುವ ಪುಸ್ತಕ, ಮಗು ಒಂಟಿಯಾಗಿ ಓದುವ ಪುಸ್ತಕ ಎಂದು ಮೂರು ಬಗೆ. ಹದಿಹರೆಯದ ಆರಂಭದವರೆಗೂ ಮಕ್ಕಳು ಸಾಮಾನ್ಯವಾಗಿ ತಾವೇ ಓದಿ ಗ್ರಹಿಸುವುದಕ್ಕಿಂತ ಹೆಚ್ಚು ಕಷ್ಟದ ಕಥೆಯನ್ನು ಕೇಳಿ ಗ್ರಹಿಸಬಲ್ಲರು. ಆದ್ದರಿಂದ ಮೊದಲ ಬಗೆಯ ಪುಸ್ತಕ ಮಕ್ಕಳ ಓದಿನ ಮಟ್ಟಕ್ಕಿಂತ ಸಾಕಷ್ಟು ಮೇಲಿದ್ದರೂ ನಡೆಯುತ್ತದೆ, ಎರಡನೆಯದು ತುಸು ಮೇಲಿರಬೇಕು, ಮೂರನೆಯದು ಮಗುವಿನ ಮಟ್ಟದಲ್ಲೇ ಇರಬೇಕು ಅಥವಾ ಅದಕ್ಕಿಂತ ಕೆಳಗಿರಬೇಕು. ‘ಕೆಳಗಿರಬೇಕು’ ಎಂದರೆ ಹಿರಿಯರಿಗೆ ಸಿಟ್ಟು ಬರುತ್ತದೆ; ಆದರೆ ಯಾರ ನೆರವೂ ಇಲ್ಲದೆ ಮುನ್ನೂರು ಪುಟ ದಾಟಬೇಕಾದವರು ಆ ಮಗುವೇ ಹೊರತು ಅವರಲ್ಲ.

ಎರಡನೆಯ ಹಂತ: ಪುಸ್ತಕವನ್ನು ನೀವೇ ಪೂರ್ತಿ ಓದಿ

ಬೆನ್ನುಡಿಯನ್ನೋ ಯಾರೋ ಬರೆದ ಪರಿಚಯವನ್ನೋ ಓದಿ ಶಿಫಾರಸು ಮಾಡಬೇಡಿ. ಇದಕ್ಕೆ ಅಡ್ಡದಾರಿಯಿಲ್ಲ.

ಮೂರನೆಯ ಹಂತ: ಮಗುವನ್ನು ಮಾತಿಗೆಳೆಯಿರಿ

‘ನಿನಗೆ ಎಂಥ ಪುಸ್ತಕ ಇಷ್ಟ?’ ಎಂದು ಕೇಳಿದರೆ ಮಕ್ಕಳು ಕೇಳಿದವರಿಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ. ಬದಲಿಗೆ, ಓದಲು ತೊಡಗಿ ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಮತ್ತು ಎಲ್ಲಿ ಬಿಟ್ಟೆ ಎಂದು ಕೇಳಿ. ಪುಸ್ತಕದ ಮಾತೇ ಎತ್ತದೆ, ಬಿಡುವಿನಲ್ಲಿ ಏನು ಮಾಡುತ್ತೀ, ಯಾವ ವಿಷಯದಲ್ಲಿ ನಿನ್ನ ಗೆಳೆಯರಿಗೆ ನೀನೇ ಗುರು ಎಂದು ಕೇಳಿ. ಈ ಕೊನೆಯ ಪ್ರಶ್ನೆಯ ಬೆಲೆ ದೊಡ್ಡದು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಏಳು ಮತ್ತು ಎಂಟನೆಯ ತರಗತಿಯ 64 ಮಕ್ಕಳಿಗೆ ಒಂದು ಬೇಸ್‌ಬಾಲ್ ಪಂದ್ಯದ ವಿವರಣೆಯನ್ನು ಓದಲು ಕೊಟ್ಟು, ಓದಿದ್ದನ್ನು ಮೈದಾನದ ಮಾದರಿಯ ಮೇಲೆ ಮರದ ಗೊಂಬೆಗಳನ್ನು ಸರಿಸಿ ತೋರಿಸಲು ಹೇಳಿದರು. ಓದಿನಲ್ಲಿ ಹಿಂದುಳಿದಿದ್ದರೂ ಆಟವನ್ನು ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಎಷ್ಟೋ ಚೆನ್ನಾಗಿ ಅದನ್ನು ಗ್ರಹಿಸಿದ್ದರು. ಅಂದರೆ ಮಗುವಿನ ಓದಿನ ಮಟ್ಟ ಎಲ್ಲ ಪುಸ್ತಕಗಳಿಗೂ ಒಂದೇ ಆಗಿರುವುದಿಲ್ಲ. ಹಾವುಗಳ ಬಗ್ಗೆ ಹುಚ್ಚಿರುವ ಎಂಟು ವರ್ಷದ ಹುಡುಗಿ ಸರೀಸೃಪಗಳ ಕುರಿತ ದಪ್ಪ ಪುಸ್ತಕವನ್ನು ಸಲೀಸಾಗಿ ಓದುತ್ತಾಳೆ, ಅದಕ್ಕಿಂತ ಸರಳವಾದ ರಾಜಕುಮಾರಿಯ ಕಥೆಯಲ್ಲಿ ತಡವರಿಸುತ್ತಾಳೆ.

ಇದೇ ಕಾರಣಕ್ಕೆ ಹೊದಿಕೆಯ ಮೇಲೆ ಅಚ್ಚಾಗಿರುವ ‘8–10 ವರ್ಷದವರಿಗೆ’ ಎಂಬ ಸೂಚನೆಯನ್ನೂ, ವಾಕ್ಯದ ಉದ್ದ ಮತ್ತು ಪದಗಳ ಕಾಠಿಣ್ಯವನ್ನು ಎಣಿಸಿ ಕೊಡುವ ಮಟ್ಟಸೂಚಕ ಅಂಕಿಗಳನ್ನೂ ಅಂದಾಜಿಗಷ್ಟೇ ಬಳಸಿ. ಆ ಲೆಕ್ಕಗಳು ವಾಕ್ಯವನ್ನು ಅಳೆಯುತ್ತವೆ; ವ್ಯಂಗ್ಯವನ್ನಾಗಲಿ, ಹಿಂದುಮುಂದಾಗಿ ಸಾಗುವ ಕಾಲವನ್ನಾಗಲಿ, ಮಗು ಆ ವಿಷಯದಲ್ಲಿ ಎಷ್ಟು ತಿಳಿದಿದೆ ಎಂಬುದನ್ನಾಗಲಿ ಅಳೆಯುವುದಿಲ್ಲ. ಪುಸ್ತಕಗಳ ಬೆನ್ನಿಗೆ ಮಟ್ಟದ ಬಣ್ಣದ ಚೀಟಿ ಅಂಟಿಸಿ, ‘ನೀನು ಹಳದಿ, ನೀಲಿಯನ್ನು ಮುಟ್ಟಬೇಡ’ ಎನ್ನುವ ಪದ್ಧತಿಯನ್ನಂತೂ ಬಿಟ್ಟೇಬಿಡಬೇಕು. ಯಾರ ಕೈಯಲ್ಲಿ ಯಾವ ಬಣ್ಣವಿದೆ ಎಂಬುದನ್ನು ಮಕ್ಕಳು ಶಿಕ್ಷಕರಿಗಿಂತ ಬೇಗ ಗಮನಿಸುತ್ತಾರೆ.

ನಾಲ್ಕನೆಯ ಹಂತ: ಒಂದು ಪುಟ ಓದಿಸಿ ನೋಡಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಆದ್ದರಿಂದ ಇದನ್ನು ತುಸು ವಿಸ್ತಾರವಾಗಿ ಹೇಳಬೇಕು.

ಅಮೆರಿಕದ ಶಿಕ್ಷಣತಜ್ಞ ಎಮ್ಮೆಟ್ ಬೆಟ್ಸ್ 1946ರಲ್ಲಿ ಮುಂದಿಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ನೂರು ಪದಗಳಲ್ಲಿ 99ನ್ನು ತಪ್ಪಿಲ್ಲದೆ ಓದಿ, ಓದಿದ್ದರಲ್ಲಿ ಶೇ 90ರಷ್ಟನ್ನು ಗ್ರಹಿಸಿದರೆ ಅದು ಸ್ವತಂತ್ರ ಓದಿಗೆ ತಕ್ಕ ಪುಸ್ತಕ, 95 ಪದ ಮತ್ತು ಶೇ 75ರಷ್ಟು ಗ್ರಹಿಕೆಯಿದ್ದರೆ ಶಿಕ್ಷಕರ ನೆರವಿನೊಂದಿಗೆ ಓದುವ ಪುಸ್ತಕ, 90 ಪದಗಳಿಗಿಂತ ಕೆಳಗಿಳಿದರೆ ಅದು ಮಗುವನ್ನು ಸೋಲಿಸುವ ಪುಸ್ತಕ. ಈ ಗೆರೆಗಳು ಕಲ್ಲಿನಲ್ಲಿ ಕೊರೆದವಲ್ಲ, ಮುಂದೆ ಇವುಗಳ ಬಗ್ಗೆ ಸಾಕಷ್ಟು ತಕರಾರುಗಳೂ ಬಂದಿವೆ. ಆದರೂ ಒಂಟಿ ಓದಿಗೂ ತರಗತಿಯ ಓದಿಗೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಸಾಧನ ಸುಲಭವಾಗಿ ಸಿಗದು. ಇದರ ಸರಳ ರೂಪವೇ ಐದು ಬೆರಳಿನ ಪರೀಕ್ಷೆ: ಮಗು ಒಂದು ಪುಟ ಓದುತ್ತಾ ಗೊತ್ತಾಗದ ಪ್ರತಿ ಪದಕ್ಕೆ ಒಂದು ಬೆರಳು ಮಡಿಸುತ್ತದೆ, ಐದೂ ಬೆರಳು ಮಡಿಸಿದರೆ ಪುಸ್ತಕ ಸದ್ಯಕ್ಕೆ ಕಷ್ಟ.

ಪರೀಕ್ಷೆಯೇನೋ ಸರಳ, ಆದರೆ ಮಾಡುವ ರೀತಿ ಕೆಟ್ಟರೆ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಮೊದಲನೆಯದಾಗಿ, ಇಡೀ ತರಗತಿಯ ಮುಂದೆ ಓದಿಸಬೇಡಿ. ಓದುಮೂಲೆಯಲ್ಲೋ ಮೊಗಸಾಲೆಯಲ್ಲೋ ಪಕ್ಕದಲ್ಲಿ ಕುಳಿತು ಓದಿಸಿ. ಎದುರು ಕುಳಿತರೆ ಅದು ಸಂದರ್ಶನವಾಗುತ್ತದೆ. ಎರಡನೆಯದಾಗಿ, ಮೊದಲ ಪುಟವನ್ನು ಆರಿಸಬೇಡಿ, ಏಕೆಂದರೆ ಮೊದಲ ಪುಟಗಳಲ್ಲಿ ಊರು, ಹೆಸರು, ಹಿನ್ನೆಲೆಗಳೆಲ್ಲ ಒಟ್ಟಿಗೆ ಬಂದು ಅವು ಪುಸ್ತಕದ ಉಳಿದ ಭಾಗಕ್ಕಿಂತ ಕಠಿಣವಾಗಿರುತ್ತವೆ, ಇಲ್ಲವೇ ಓದುಗರನ್ನು ಸೆಳೆಯಲೆಂದು ಅತಿ ಸರಳವಾಗಿರುತ್ತವೆ. ಮಧ್ಯದ ಒಂದು ಅಧ್ಯಾಯದ ಆರಂಭವನ್ನು ತೆಗೆದುಕೊಂಡು, ಅಲ್ಲಿಯವರೆಗಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಿ, ಸಂಭಾಷಣೆ ಮತ್ತು ವಿವರಣೆ ಎರಡೂ ಇರುವ ಭಾಗವನ್ನು ಓದಿಸಿ. ಬರೀ ಸಂಭಾಷಣೆಯ ಪುಟದಲ್ಲಿ ಎಲ್ಲರೂ ಜಾಣರೇ.

ಓದುವಾಗ ತಿದ್ದಬೇಡಿ. ಈ ಒಂದು ಸಂಯಮ ಎಷ್ಟೋ ಶಿಕ್ಷಕರಿಗೆ ಸಾಧ್ಯವಾಗುವುದಿಲ್ಲ. ಮಗು ತಡವರಿಸಿದ ಕೂಡಲೇ ಪದ ಬಾಯಿಂದ ಜಾರಿಬಿಡುತ್ತದೆ, ಆಗ ನೀವು ಅಳೆಯುತ್ತಿರುವುದು ಮಗುವಿನ ಓದನ್ನಲ್ಲ, ನಿಮ್ಮದನ್ನು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೂ ಬಾರದಿದ್ದರೆ ಪದ ಹೇಳಿಕೊಟ್ಟು ಮುಂದೆ ಸಾಗಲು ಬಿಡಿ. ಎಲ್ಲ ತಪ್ಪುಗಳೂ ತಪ್ಪುಗಳಲ್ಲ. ‘ಮನೆ’ ಎಂದಿರುವಲ್ಲಿ ‘ಗುಡಿಸಲು’ ಎಂದು ಓದಿದ ಮಗು ಅರ್ಥವನ್ನು ಹಿಡಿದುಕೊಂಡೇ ಓದುತ್ತಿದೆ. ‘ಮನೆ’ಯನ್ನು ‘ಮಣೆ’ ಎಂದು ಓದಿ ವಾಕ್ಯ ಅಸಂಬದ್ಧವಾದರೂ ನಿಲ್ಲದೆ ಹೋದ ಮಗು ಅರ್ಥವನ್ನು ಕೈಬಿಟ್ಟಿದೆ. ತಾನಾಗಿ ಹಿಂದೆ ಹೋಗಿ ತಿದ್ದಿಕೊಂಡ ತಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಒಳ್ಳೆಯ ಓದಿನ ಗುರುತು. ಪರಿಚಯವಿಲ್ಲದ ಒಂದೇ ಹೆಸರಿನಲ್ಲಿ ಹತ್ತು ಸಲ ತಡವರಿಸಿದರೂ ಒಂದೇ ಎಂದು ಎಣಿಸಿ.

ಕನ್ನಡ ಪುಸ್ತಕಗಳಿಗೆ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ಬೆಟ್ಸ್ ಅವರ ಲೆಕ್ಕವಾಗಲಿ ಐದು ಬೆರಳಿನ ಪರೀಕ್ಷೆಯಾಗಲಿ ಇಂಗ್ಲಿಷ್ ಓದಿನಿಂದ ಹುಟ್ಟಿದ್ದು. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದಲೂ ಸಂಧಿಯಾಗುವುದರಿಂದಲೂ ‘ಹೋಗಬೇಕಾಗಿದ್ದರಿಂದ’ ಎಂಬಂಥ ಒಂದೇ ಪದದೊಳಗೆ ಇಂಗ್ಲಿಷಿನ ನಾಲ್ಕೈದು ಪದಗಳ ಕೆಲಸ ಅಡಗಿರುತ್ತದೆ, ಒಂದು ಪುಟದಲ್ಲಿ ಪದಗಳ ಸಂಖ್ಯೆಯೂ ಕಡಿಮೆ. ಆದ್ದರಿಂದ ಐದು ಬೆರಳಿನ ಬದಲು ಮೂರು ಬೆರಳಿಗೇ ನಿಲ್ಲಿಸುವುದು ನನ್ನ ರೂಢಿ. ಒತ್ತಕ್ಷರಗಳಲ್ಲಿ ಮಗು ನಿಧಾನವಾದರೆ ಅದು ಗೊತ್ತಿಲ್ಲದ ಪದವೋ, ಗೊತ್ತಿರುವ ಪದದ ಗೊತ್ತಿಲ್ಲದ ಬರಹರೂಪವೋ ಎಂದು ಬೇರ್ಪಡಿಸಿ ನೋಡಿ. ಎರಡನೆಯದಾದರೆ ನಾಲ್ಕು ಪುಟದಲ್ಲಿ ಸರಿಹೋಗುತ್ತದೆ, ಅದಕ್ಕಾಗಿ ಪುಸ್ತಕವನ್ನೇ ಕಸಿದುಕೊಳ್ಳಬೇಕಿಲ್ಲ.

ಕೊನೆಗೆ ಪುಸ್ತಕ ಮುಚ್ಚಿಸಿ, ‘ಏನಾಯಿತು ಹೇಳು’ ಎಂದಷ್ಟೇ ಕೇಳಿ. ಪದಗಳ ಎಣಿಕೆಗಿಂತ ನಾನು ನೆಚ್ಚುವುದು ಈ ಮರುಹೇಳಿಕೆಯನ್ನು. ಗಿಣಿಯಂತೆ ತಪ್ಪಿಲ್ಲದೆ ಓದಿ ಏನನ್ನೂ ಹೇಳಲಾಗದ ಮಕ್ಕಳಿದ್ದಾರೆ, ಹತ್ತು ಪದ ನುಂಗಿ ಕಥೆಯನ್ನು ರಸವತ್ತಾಗಿ ಹೇಳುವ ಮಕ್ಕಳೂ ಇದ್ದಾರೆ. ಎರಡನೆಯವರಿಗೆ ಪುಸ್ತಕ ಕೊಟ್ಟು ಕಳುಹಿಸಿ. ಪರೀಕ್ಷೆಯಲ್ಲಿ ಪುಸ್ತಕ ಕಷ್ಟವೆಂದು ಕಂಡರೂ ಮಗು ಅದನ್ನೇ ಬಯಸಿ ಹಟ ಹಿಡಿದರೆ ಬೇಡವೆನ್ನಬೇಡಿ, ಜೊತೆಗೆ ಸುಲಭವಾದ ಇನ್ನೊಂದನ್ನು ಕೊಡಿ.

ಐದನೆಯ ಹಂತ: ತರಗತಿಯ ಪುಸ್ತಕವನ್ನು ಆರಿಸುವುದು

ತರಗತಿಗೆ ಎಲ್ಲರೂ ಮೆಚ್ಚುವ ಪುಸ್ತಕವನ್ನು ಹುಡುಕಬೇಡಿ. ಎಲ್ಲರೂ ಒಪ್ಪಿದ ಮೇಲೆ ಚರ್ಚಿಸಲು ಏನೂ ಉಳಿಯುವುದಿಲ್ಲ. ಪಾತ್ರವೊಂದು ಮಾಡಿದ್ದು ಸರಿಯೇ ಎಂಬ ಪ್ರಶ್ನೆಗೆ ಮಕ್ಕಳು ಎರಡು ಪಂಗಡವಾಗುವಂಥ ಪುಸ್ತಕವೇ ಒಳ್ಳೆಯದು. ಅಧ್ಯಾಯಗಳು ಒಂದು ಪೀರಿಯಡ್ಡಿನೊಳಗೆ ಓದಿ ಮಾತಾಡಿ ಮುಗಿಸುವಷ್ಟು ಚಿಕ್ಕದಾಗಿರಲಿ. ಇಬ್ಬರಿಗೊಂದಾದರೂ ಪ್ರತಿ ಸಿಗುತ್ತದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ.

ವರ್ಷವಿಡೀ ಓದುವ ಪುಸ್ತಕಗಳನ್ನು ಒಟ್ಟಿಗೆ ಹರಡಿಕೊಂಡು ನೋಡುವುದು ಇದಕ್ಕಿಂತ ಮುಖ್ಯ. 1990ರಲ್ಲಿ ಅಮೆರಿಕದ ವಿದ್ವಾಂಸೆ ರುಡಿನ್ ಸಿಮ್ಸ್ ಬಿಷಪ್, ಮಕ್ಕಳ ಪುಸ್ತಕಗಳು ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು, ದಾಟಿ ಒಳಹೋಗಬಲ್ಲ ಗಾಜಿನ ಬಾಗಿಲೂ ಆಗಬೇಕು ಎಂಬ ಅರ್ಥದ ಮಾತು ಹೇಳಿದರು. ಕನ್ನಡಿಯೆಂದರೆ ಮಗು ತನ್ನ ಬದುಕನ್ನೇ ಕಾಣುವ ಪುಸ್ತಕ, ಕಿಟಕಿಯೆಂದರೆ ಬೇರೆಯವರ ಬದುಕನ್ನು ಕಾಣುವ ಪುಸ್ತಕ. ನಿಮ್ಮ ಪಟ್ಟಿಯಲ್ಲಿ ಕೆಲವು ಮಕ್ಕಳಿಗೆ ಸದಾ ಕನ್ನಡಿ, ಇನ್ನು ಕೆಲವರಿಗೆ ಸದಾ ಕಿಟಕಿಯೇ ಸಿಗುತ್ತಿದೆಯೇ ಎಂದು ಪರಿಶೀಲಿಸಿ. ಬಡ ಮಗು ಬರೀ ಅನುಕಂಪಕ್ಕಾಗಿ, ಅಂಗವಿಕಲ ಮಗು ಬರೀ ಇತರರಿಗೆ ಪಾಠ ಕಲಿಸಲಿಕ್ಕಾಗಿ ಬರುವ ಕಥೆಗಳನ್ನು ನಾನು ಪಟ್ಟಿಯಿಂದ ಹೊರಗಿಡುತ್ತೇನೆ. ಕೊನೆಯ ಸಾಲಿನಲ್ಲಿ ‘ನೀತಿ’ ಎಂದು ದಪ್ಪಕ್ಷರದಲ್ಲಿ ಅಚ್ಚು ಮಾಡಿದ ಸಂಕಲನಗಳಿಗೂ ಇದೇ ಗತಿ: ಮಕ್ಕಳು ಬೇಗನೆ ಕಥೆ ಬಿಟ್ಟು ಆ ಸಾಲನ್ನಷ್ಟೇ ಓದುವುದನ್ನು ಕಲಿಯುತ್ತಾರೆ. ಅಧ್ಯಾಯಕ್ಕೆ ಇಪ್ಪತ್ತು ಪ್ರಶ್ನೆಗಳಿರುವ ಅಭ್ಯಾಸಪುಸ್ತಕ ಜೊತೆಗೆ ಬಂದರೆ ಅದನ್ನು ಕಪಾಟಿನಲ್ಲೇ ಇಡಿ.

ಆರನೆಯ ಹಂತ: ಒಂಟಿ ಓದಿಗೆ ಮೂರು ಪುಸ್ತಕ

ಒಂದೇ ಪುಸ್ತಕ ಕೊಟ್ಟರೆ ಅದು ಆಜ್ಞೆ, ಇಪ್ಪತ್ತು ತೋರಿಸಿದರೆ ಗೊಂದಲ, ಮೂರನ್ನು ಮುಂದಿಡಿ. ಮೊದಲನೆಯದು ಮಗು ಖಂಡಿತ ಓದಿ ಮುಗಿಸುವಂಥದ್ದು, ಎರಡನೆಯದು ತುಸು ಸವಾಲಿನದು, ಮೂರನೆಯದು ಮಗು ತಾನಾಗಿ ಎಂದೂ ಎತ್ತಿಕೊಳ್ಳದ ಜಾತಿಯದು: ಕವಿತೆ, ನಾಟಕ, ವಿಜ್ಞಾನ ಅಥವಾ ಜೀವನಚರಿತ್ರೆ. ಒಂದೇ ಮಾಲಿಕೆಯ ಪುಸ್ತಕಗಳನ್ನು ಸಾಲಾಗಿ ಓದುವ ಮಕ್ಕಳನ್ನು ತಡೆಯಬೇಡಿ. ಪಾತ್ರ, ಊರು, ಶೈಲಿ ಎಲ್ಲವೂ ಪರಿಚಿತವಾಗಿರುವುದರಿಂದ ಅವರು ಹೆಚ್ಚು ಪುಟ ಓದುತ್ತಾರೆ, ಓದಿನ ವೇಗ ಬರುವುದೂ ಹಾಗೆಯೇ. ಚಿತ್ರಕಥೆಯೂ ಓದೇ. ಆದರೆ ದೊಡ್ಡ ಕಾದಂಬರಿಗಳನ್ನು ನಲವತ್ತು ಪುಟಕ್ಕೆ ಹಿಂಡಿದ ಸಂಕ್ಷಿಪ್ತ ರೂಪಗಳ ಕಟ್ಟನ್ನು ಮಾತ್ರ ಕೊಳ್ಳಬೇಡಿ. ಅವುಗಳಲ್ಲಿ ಘಟನೆಗಳ ಪಟ್ಟಿ ಉಳಿದಿರುತ್ತದೆ, ಭಾಷೆ ಉಳಿದಿರುವುದಿಲ್ಲ, ಮೂಲವನ್ನು ಮುಂದೆಂದಾದರೂ ಓದುವ ಆಸೆಯೂ ಸಾಯುತ್ತದೆ.

ಅರ್ಧಕ್ಕೆ ಬಿಡುವ ಹಕ್ಕನ್ನು ಪುಸ್ತಕ ಕೊಡುವಾಗಲೇ ಘೋಷಿಸಿ. ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದಾಗ ಓದದಿರುವ, ಪುಟ ಹಾರಿಸುವ, ಮುಗಿಸದಿರುವ ಹಕ್ಕುಗಳನ್ನೇ ಮೊದಲಿಗಿಟ್ಟರು. ಬಹುಮಾನದ ಆಮಿಷ ಬೇಡ. 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂಬ ಭರವಸೆ ಪಡೆದ ಪುಟ್ಟ ಮಕ್ಕಳು ಆಮೇಲೆ ಬಿಡುವಿನಲ್ಲಿ ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಅದು ಚಿತ್ರದ ಮಾತು, ಓದಿನದಲ್ಲ ಎಂದು ವಾದಿಸಬಹುದು; ಆದರೆ ಪುಟ ಎಣಿಸಿ ನಕ್ಷತ್ರ ಅಂಟಿಸುವ ತರಗತಿಗಳಲ್ಲಿ ತೆಳು ಪುಸ್ತಕಗಳಿಗಷ್ಟೇ ಏಕೆ ಬೇಡಿಕೆ ಎಂಬುದನ್ನು ಯಾವ ಶಿಕ್ಷಕರೂ ಬಲ್ಲರು.

ಏಳನೆಯ ಹಂತ: ಹೇಳುವ ಬಗೆ ಮತ್ತು ಟಿಪ್ಪಣಿ

‘ಇದು ತುಂಬಾ ಒಳ್ಳೆಯ ಪುಸ್ತಕ, ಓದಲೇಬೇಕು’ ಎಂದರೆ ಮಗು ಹಿಂಜರಿಯುತ್ತದೆ. ಕುತೂಹಲದ ಒಂದು ಭಾಗವನ್ನು ಗಟ್ಟಿಯಾಗಿ ಓದಿ, ವಾಕ್ಯದ ನಡುವೆಯೇ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗಿ. ಪುಸ್ತಕ ಹಿಂದಿರುಗಿದಾಗ ಸಾರಾಂಶ ಕೇಳಬೇಡಿ. ‘ಯಾರಿಗೆ ಕೊಡಲಿ ಇದನ್ನು?’ ಎಂದು ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಪುಸ್ತಕದ ಹೆಸರು, ಒಯ್ದವರ ಹೆಸರು, ನಿಲ್ಲಿಸಿದ ಪುಟ, ಮಗು ಆಡಿದ ಒಂದು ಮಾತು ಇಷ್ಟನ್ನೇ ಬರೆದಿಡಿ. ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಶಾಸ್ತ್ರಕ್ಕೆ ಕೊಟ್ಟ ಐದು ಸೂತ್ರಗಳಲ್ಲಿ ಪ್ರತಿ ಓದುಗರಿಗೂ ಅವರ ಪುಸ್ತಕ ಎಂಬುದು ಎರಡನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗರು ಎಂಬುದು ಮೂರನೆಯದು; ಈ ಎರಡನ್ನೂ ಜೋಡಿಸುವ ಕೆಲಸಕ್ಕೆ ಆ ನೋಟ್‌ಬುಕ್ಕಿಗಿಂತ ದೊಡ್ಡ ಸಲಕರಣೆ ಬೇಕಿಲ್ಲ. ಬೇರೆ ಬೇರೆ ಮಕ್ಕಳು ಒಂದೇ ಪುಟದ ಆಸುಪಾಸಿನಲ್ಲಿ ನಿಲ್ಲಿಸಿದ್ದು ಕಂಡರೆ ತೊಡಕು ಮಕ್ಕಳಲ್ಲಿಲ್ಲ, ಪುಸ್ತಕದಲ್ಲಿದೆ. ಅಂಥದ್ದನ್ನು ಒಂಟಿ ಓದಿನ ಕಪಾಟಿನಿಂದ ತೆಗೆದು, ಆ ಅಧ್ಯಾಯವನ್ನು ನೀವೇ ಗಟ್ಟಿಯಾಗಿ ಓದಿ ದಾಟಿಸಬಹುದಾದ ತರಗತಿಯ ಪಟ್ಟಿಗೆ ಸೇರಿಸಿ.