ಬಿಗಿ ಹಿಡಿಯೋದು ಬೇಗ ಬಂತು, ಬಿಡೋದು ತಡವಾಗಿ

ಮದುವೆಯಾದ ಎರಡನೇ ವರ್ಷ ದೀಪಾವಳಿಗೆ ತವರಿಗೆ ಹೋದಾಗ ಎಲ್ಲರೂ ಸೇರಿ ದುರ್ಗದ ಕೋಟೆ ಹತ್ತಿದ್ವಿ. ಏಕನಾಥೇಶ್ವರಿ ಗುಡಿ ಮುಟ್ಟುವಷ್ಟರಲ್ಲಿ ನನಗೆ ಏದುಸಿರು. ಮುಂದೆ ಹೋಗಿ ಕಟ್ಟೆ ಮೇಲೆ ಆರಾಮಾಗಿ ಕೂತಿದ್ದ ಅವ್ವ, "ಹಿಂಗಾದ್ರೆ ನೀನು ಹೆರೋದು ಹೆಂಗೇ?" ಅಂದಳು. ನಗುನಗುತ್ತಲೇ ಅಂದದ್ದು, ಆದರೆ ನನಗೆ ನಾಟಿತು.

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುವವಳು ನಾನು. ದಿನಕ್ಕೆ ಎಂಟು ಗಂಟೆ ಕುರ್ಚಿ. ಮಗು ಬೇಕು ಅಂತ ತೀರ್ಮಾನವಾದ ಮೇಲೆ ಮೊದಲು ಡಾಕ್ಟರ್ ಹತ್ತಿರ ಹೋದೆ. ಹಿಮೋಗ್ಲೋಬಿನ್ 9.6. "ಮೊದಲು ರಕ್ತ, ಆಮೇಲೆ ಕಸರತ್ತು" ಅಂದರು. ಕಬ್ಬಿಣದ ಮಾತ್ರೆ ಜೊತೆಗೆ, ಬಸಿರು ನಿಲ್ಲುವ ಮೊದಲೇ ಶುರು ಮಾಡಬೇಕಾದ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬರೆದುಕೊಟ್ಟರು. ಮಾತ್ರೆಯ ಆಸುಪಾಸಿನಲ್ಲಿ ಚಹಾ ಕುಡಿಯಬಾರದು ಅನ್ನೋದೇ ನನಗೆ ಎಲ್ಲ ವ್ಯಾಯಾಮಕ್ಕಿಂತ ಕಷ್ಟವಾಯಿತು.

ನಡಿಗೆ ಕುಂದವಾಡ ಕೆರೆ ಏರಿ ಮೇಲೆ. ದಿನಕ್ಕೆ 30 ನಿಮಿಷದ ಹಾಗೆ ವಾರಕ್ಕೆ ಐದು ದಿನ, ಒಟ್ಟು 150 ನಿಮಿಷ. ಜೊತೆಗಿದ್ದವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ವಾಪಸ್ ಬರುತ್ತಾ ಬೆಣ್ಣೆದೋಸೆ ತಿಂದ ಭಾನುವಾರಗಳ ಲೆಕ್ಕ ನಾನು ಇಟ್ಟಿಲ್ಲ.

ಕುಕ್ಕರಗಾಲಲ್ಲಿ ಕೂರೋದು ಮಾತ್ರ ಮಾನ ಕಳೆಯಿತು. ನಮ್ಮತ್ತೆ ಹಾಗೇ ಕೂತು ಅರ್ಧ ಗಂಟೆ ಅಕ್ಕಿ ಹಸನು ಮಾಡುತ್ತಾರೆ, ನನ್ನ ಹಿಮ್ಮಡಿ ನೆಲಕ್ಕೆ ಊರುತ್ತಲೇ ಇರಲಿಲ್ಲ. ಹಿಮ್ಮಡಿ ಕೆಳಗೆ ಮಡಿಚಿದ ಕಂಬಳಿ ಇಟ್ಟು, ಕಿಟಕಿ ಸರಳು ಹಿಡಿದು, ಹತ್ತು ಎಣಿಸುವವರೆಗೆ ಕೂತು ಏಳುತ್ತಿದ್ದೆ. ಕಂಬಳಿ ತೆಗೆಯಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬಸಿರೂ ನಿಂತಿತು.

ಪೆಲ್ವಿಕ್ ಫ್ಲೋರ್, ಅಂದರೆ ಗರ್ಭಕೋಶ, ಮೂತ್ರಕೋಶ ಎರಡನ್ನೂ ಕೆಳಗಿನಿಂದ ಹೊತ್ತ ಸ್ನಾಯುಗಳ ವ್ಯಾಯಾಮ ಕಲಿಸಿದ್ದು ಒಬ್ಬ ಫಿಸಿಯೋಥೆರಪಿಸ್ಟ್. ನಾಲ್ಕು ಜನರ ಮಧ್ಯೆ ಹೂಸು ತಡೆಯುವ ಹಾಗೆ ಒಳಗೆ, ಮೇಲಕ್ಕೆ ಎಳೆದುಕೊಂಡು ಐದು ಸೆಕೆಂಡ್ ಹಿಡಿಯಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಲೆಕ್ಕ ಬರೆಯುತ್ತಲೇ ಮಾಡುತ್ತಿದ್ದೆ, ಸಾಹುಕಾರರಿಗೇ ಗೊತ್ತಾಗದ ಹಾಗೆ.

ಎಂಟನೇ ತಿಂಗಳಲ್ಲಿ ಆಕೆ ಕೈಯಿಂದ ಪರೀಕ್ಷೆ ಮಾಡಿ, "ಹಿಡಿತ ಚೆನ್ನಾಗಿದೆ, ಈಗ ಬಿಡಿ" ಅಂದರು. ಬಿಟ್ಟೆ ಅಂದುಕೊಂಡೆ. "ಬಿಟ್ಟಿಲ್ಲ" ಅಂದರು. ಮೂರು ಸಲ ಹೀಗೇ ಆಯಿತು. ಆಮೇಲೆ ನನ್ನ ದವಡೆ ಮುಟ್ಟಿ ತೋರಿಸಿದರು, ಹಲ್ಲು ಕಚ್ಚಿಕೊಂಡಿದ್ದೆ. ಮಗು ಹೊರಗೆ ಬರೋದು ಈ ಸ್ನಾಯು ಸಡಿಲಾದಾಗ. ನಾನು ಆರು ತಿಂಗಳಿಂದ ಬಾಗಿಲು ಹಾಕೋದನ್ನೇ ಕಲಿತಿದ್ದೆ, ತೆಗೆಯೋದನ್ನಲ್ಲ. ಅಲ್ಲಿಂದ ಮುಂದೆ ಕಲಿತದ್ದೇ ನನ್ನ ನಿಜವಾದ ತಯಾರಿ. ತುಟಿ ಸಡಿಲ ಬಿಟ್ಟು ಕುದುರೆ ಹಾಗೆ ಬುರ್‍ರ್ ಅಂತ ಉಸಿರು ಬಿಡೋದು, ಅಂಬೆಗಾಲಲ್ಲಿ ನಿಂತು ಬೆನ್ನು ಏರಿಸಿ ಇಳಿಸೋದು, ಎಡಮಗ್ಗುಲಲ್ಲಿ ಮಲಗಿ ಉಸಿರು ಬಿಡುವಾಗ ಕೆಳಗಿನದನ್ನೆಲ್ಲ ಜೋತುಬಿಡೋದು. ಅಂಗಾತ ಮಲಗಿ ಮಾಡೋದನ್ನು ಐದನೇ ತಿಂಗಳಿಗೇ ನಿಲ್ಲಿಸಿದ್ದೆ. ಗರ್ಭದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ ಮೇಲೆ ಬಿದ್ದು ಒಂದು ಸಲ ಕಣ್ಣು ಕತ್ತಲೆ ಬಂದಿತ್ತು.

ಏಳನೇ ತಿಂಗಳಿಗೆ ತೊಡೆಸಂದಿಯ ಮುಂದಿನ ಎಲುಬು ನೋಯತೊಡಗಿದಾಗ ಕುಕ್ಕರಗಾಲನ್ನೂ ಬಿಟ್ಟಿದ್ದೆ. ಹಠ ಮಾಡಲಿಲ್ಲ. ಆ ಹೊತ್ತಿಗೆ ಕೀಲುಗಳು ತಾವಾಗಿಯೇ ಸಡಿಲವಾಗಿರುತ್ತವೆ. ರಕ್ತ ಕಂಡರೆ, ನೀರು ಸೋರಿದರೆ, ಮೀನಖಂಡ ಊದಿ ನೋಯ್ದರೆ ವ್ಯಾಯಾಮದ ಮಾತೇ ಬೇಡ, ನೇರ ಆಸ್ಪತ್ರೆ. ಮಾಸು ಕೆಳಗೆ, ಗರ್ಭಕೋಶದ ಬಾಯಿ ಹತ್ತಿರ ಇದ್ದವರಿಗೆ ವ್ಯಾಯಾಮ ಬೇಡ ಅಂತ ಡಾಕ್ಟರ್ ಅಂದರೆ ಬೇಡವೇ ಬೇಡ.

ನೋವು 14 ಗಂಟೆ. ಮಂಚ ಬಿಟ್ಟು ಓಡಾಡಿದ್ದಕ್ಕೆ ಒಬ್ಬ ನರ್ಸ್ ಗದರಿದರು, ಇನ್ನೊಬ್ಬರು ಬಿಟ್ಟರು. ಕೊನೆಯ ಹೊತ್ತಲ್ಲಿ ನಾನು ಕುದುರೆ ಹಾಗೆ ಬುರ್‍ರ್ ಅನ್ನುತ್ತಿದ್ದರೆ ಬಾಗಿಲಾಚೆ ಅವ್ವ ಗಾಬರಿಯಾಗಿದ್ದಳಂತೆ. ಹೊಲಿಗೆ ಬಿತ್ತು, ಮಗಳು ಬಂದಳು. ವ್ಯಾಯಾಮದಿಂದಲೇ ಹೀಗಾಯಿತು ಅನ್ನಲಾರೆ. ನನಗಿಂತ ಶಿಸ್ತಾಗಿ ಮಾಡಿದ ನನ್ನ ತಂಗಿಗೆ ಮಗು ಅಡ್ಡವಿತ್ತು, ಸಿಸೇರಿಯನ್ ಆಯಿತು.

ತಯಾರಿಯಲ್ಲಿ ನಾನು ಮರೆತದ್ದು ಕೈ, ಹೆಗಲು. ತವರಲ್ಲಿ ಬಾಣಂತನ. ಅವ್ವ ಬಿಸಿನೀರು ಹುಯ್ದು, ಹಳೇ ಸೀರೆಯಲ್ಲಿ ಹೊಟ್ಟೆ ಕಟ್ಟಲು ಬಂದಾಗ "ಉಸಿರಾಡೋ ಹಂಗೆ ಕಟ್ಟವ್ವ" ಅಂತ ಬೇಡಿಕೊಂಡೆ. ಸೀನಿದರೆ ಮೂತ್ರ ಹನಿಯುತ್ತಿತ್ತು. ಹಳೇ ಬಿಗಿಯುವ ವ್ಯಾಯಾಮವನ್ನೇ ಮೆಲ್ಲಗೆ ಮತ್ತೆ ಹಿಡಿದೆ, ಹನಿಯೋದು ಮೂರು ತಿಂಗಳಿಗೆ ನಿಂತಿತು. ಆದರೆ ಬಾಗಿ ಹಾಲು ಕುಡಿಸಿ ಕುಡಿಸಿ ಹೆಗಲು ಕಲ್ಲಾಯಿತು. ಮಗುವಿನ ಕಂಕುಳಿಗೆ ಹೆಬ್ಬೆರಳು ಕೊಟ್ಟು ಎತ್ತಿ ಎತ್ತಿ ಬಲ ಮಣಿಕಟ್ಟು ಹಿಡಿದುಕೊಂಡಿತು. ಈಗ ಬಾಗಿಲ ಚೌಕಟ್ಟಿಗೆ ಕೈಕೊಟ್ಟು ಎದೆ ಹಿಗ್ಗಿಸುತ್ತೇನೆ. ಎದೆಮಟ್ಟಕ್ಕೆ ದಿಂಬು ಏರಿಸಿ ಕುಡಿಸುತ್ತೇನೆ. ಎತ್ತುವಾಗ ಅಂಗೈ ಚಾಚಿ ಮಗುವಿನ ಅಡಿಗೆ ಸರಿಸಿ, ಅದೇ ಕುಕ್ಕರಗಾಲಿನಿಂದ ಮೇಲೇಳುತ್ತೇನೆ.

ಹೆಬ್ಬೆರಳ ಪಟ್ಟಿ ಬಿಚ್ಚಿ ಎರಡು ವಾರವಾಯಿತು. ಸೋಮವಾರದಿಂದ ಮತ್ತೆ ಎಪಿಎಂಸಿ.