ಬ್ಯಾಂಡ್ ಕಟ್ಟಿದರೆ ಸಾಲದು, ಎಣ್ಣೆಯನ್ನೂ ಅಳೆಯಿರಿ

ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಒಂದು ಗಂಟೆ ನಡಿಗೆ. ಕೈಯಲ್ಲಿರುವ ವಾಚು 420 ಕ್ಯಾಲೊರಿ ಖರ್ಚಾಯಿತೆಂದು ತೋರಿಸುತ್ತದೆ. ಆ ಧೈರ್ಯದ ಮೇಲೆ ಗೇಟಿನಾಚೆಯ ದರ್ಶಿನಿಯಲ್ಲಿ ಮಸಾಲೆ ದೋಸೆ, ಕಾಫಿ. ಮೂರು ತಿಂಗಳು ಬಿಡದೆ ಹೀಗೆ ಮಾಡಿದರೂ ತೂಕ ಇದ್ದಲ್ಲೇ ಇದ್ದರೆ ಬೇಸರವಾಗುವುದು ಸಹಜ. ನಡಿಗೆಯಲ್ಲಿ ಏನೂ ತಪ್ಪಿಲ್ಲ, ಅದನ್ನು ಬಿಡಬೇಡಿ. ತಪ್ಪಿರುವುದು ಆ 420ರಲ್ಲಿ. 70 ಕೆ.ಜಿ. ತೂಕದವರು 5 ಕಿ.ಮೀ. ನಡೆದಾಗ, ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದರೆ ಹೆಚ್ಚುವರಿಯಾಗಿ ಉಳಿಯುವುದು ಸುಮಾರು 175ರಿಂದ 200 ಕ್ಯಾಲೊರಿ.

2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಮಣಿಕಟ್ಟಿಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿತು. ಆರು ಸಾಧನಗಳು ಹೃದಯ ಬಡಿತವನ್ನು 5%ಗಿಂತ ಕಡಿಮೆ ತಪ್ಪಿನಲ್ಲಿ ಅಳೆದವು. ಕ್ಯಾಲೊರಿಯ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೇ 27% ತಪ್ಪಿತ್ತು, ಕೊನೆಯದು 93%. ಆದ್ದರಿಂದ ವಾಚಿನಿಂದ ಹೆಜ್ಜೆ ಮತ್ತು ಬಡಿತವನ್ನು ತೆಗೆದುಕೊಳ್ಳಿ, ಕ್ಯಾಲೊರಿ ಖರ್ಚಿನ ಅಂಕಿಯನ್ನು ಬಿಡಿ. ಊಟದ ಲೆಕ್ಕವನ್ನು ಅಡುಗೆಮನೆಯ ತಕ್ಕಡಿ ಹೇಳಲಿ. ಎರಡೂ ಸರಿಯಾಗಿವೆಯೇ ಎಂಬ ತೀರ್ಮಾನವನ್ನು ವಾರದ ಸರಾಸರಿ ತೂಕಕ್ಕೆ ಬಿಡಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರೊಡನೆ ಮಾತಾಡಲೇಬೇಕು. ಔಷಧದ ಪ್ರಮಾಣ ಹಾಗೇ ಇದ್ದು ಊಟ ಮಾತ್ರ ಇಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಹಿಂದೆ ಊಟ ಬಿಟ್ಟು ಕಾಯಿಲೆ ಬಿದ್ದವರು ಈ ಲೆಕ್ಕಕ್ಕೆ ಇಳಿಯುವುದು ಬೇಡ.

ಹಂತ 1: ದಿನದ ಗುರಿ

ಕೆ.ಜಿ.ಯಲ್ಲಿ ನಿಮ್ಮ ತೂಕವನ್ನು 10ರಿಂದ, ಸೆಂ.ಮೀ.ನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಕೂಡಿ. ಅದರಿಂದ ವಯಸ್ಸಿನ ಐದರಷ್ಟನ್ನು ಕಳೆಯಿರಿ. ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ. ದೇಹ ಸುಮ್ಮನಿದ್ದಾಗಲೂ ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತದೆಂದು ಅಂದಾಜಿಸುವ, 1990ರಿಂದ ಬಳಕೆಯಲ್ಲಿರುವ ಮಿಫ್ಲಿನ್–ಸೇಂಟ್ ಜೋರ್ ಸೂತ್ರವಿದು. 38 ವರ್ಷದ, 160 ಸೆಂ.ಮೀ. ಎತ್ತರದ, 70 ಕೆ.ಜಿ. ತೂಕದ ಮಹಿಳೆಗೆ 1349 ಬರುತ್ತದೆ. ಕೂತು ಕೆಲಸ ಮಾಡಿ ದಿನಕ್ಕೊಮ್ಮೆ ನಡೆಯುವವರಾದರೆ ಇದನ್ನು 1.375ರಿಂದ ಗುಣಿಸಬೇಕು: ಸುಮಾರು 1850. ಇದರಲ್ಲಿ 400 ಕಳೆದರೆ ಗುರಿ 1450. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂದು ಹಿಡಿದರೆ ವಾರಕ್ಕೆ 350 ಗ್ರಾಂ ಇಳಿಯುವ ದಾರಿ ಇದು. ವೈದ್ಯರ ನಿಗಾ ಇಲ್ಲದೆ 1200ಕ್ಕಿಂತ ಕೆಳಗೆ ಇಳಿಯಬೇಡಿ, ಊಟದ ಲೆಕ್ಕ ಬರೆದಿಡುವ ಫೋನಿನ ಆ್ಯಪ್ ಹೇಳಿದರೂ ಸರಿ.

ಹಂತ 2: ಬ್ಯಾಂಡನ್ನು ಪರೀಕ್ಷಿಸಿ

ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲಕ್ಕೆ ಕಟ್ಟಿ. ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ನೋಡಿ ಬಡಿತ ಎಣಿಸುತ್ತದೆ. ಬ್ಯಾಂಡ್ ಸಡಿಲವಾಗಿದ್ದರೆ ಹೊರಗಿನ ಬೆಳಕು ನುಗ್ಗಿ ಲೆಕ್ಕ ಕೆಡುತ್ತದೆ. ನಡೆಯುವಾಗ ಒಂದು ತೂತು ಬಿಗಿ ಮಾಡಿ, ಮನೆಗೆ ಬಂದ ಮೇಲೆ ಸಡಿಲಿಸಿ, ಬೆವರು ಒರೆಸಿ. ಬಳೆ ತೊಡುವವರು ಬಳೆಯಿಲ್ಲದ ಕೈಗೆ ಕಟ್ಟಿದರೆ ಒಳ್ಳೆಯದು.

ಆಮೇಲೆ ಎರಡು ಪರೀಕ್ಷೆ. ಮೊದಲನೆಯದು, ಬಾಯಲ್ಲಿ ಎಣಿಸುತ್ತ 100 ಹೆಜ್ಜೆ ನಡೆದು ಬ್ಯಾಂಡಿನ ಅಂಕಿ ನೋಡುವುದು. 95ರಿಂದ 105ರೊಳಗಿದ್ದರೆ ಸಾಕು. ಎರಡನೆಯದು ನಮ್ಮ ಊರಿಗೆ ಬಹಳ ಮುಖ್ಯ: ಸ್ಕೂಟರ್ ಅಥವಾ ಬಿಎಂಟಿಸಿ ಬಸ್ಸು ಹತ್ತುವ ಮುಂಚೆ ಒಮ್ಮೆ, ಇಳಿದ ಮೇಲೆ ಒಮ್ಮೆ ಅಂಕಿ ಬರೆದಿಡಿ. ಗುಂಡಿ ಬಿದ್ದ ರಸ್ತೆಯ ಕುಲುಕಾಟವನ್ನು ಕೆಲವು ಬ್ಯಾಂಡುಗಳು ಹೆಜ್ಜೆಯೆಂದು ಎಣಿಸುತ್ತವೆ. ಹಾಗಾದರೆ ದಿನದ ಓಡಾಟಕ್ಕೆ ಎಷ್ಟು ಕಳೆಯಬೇಕೆಂದು ತಿಳಿಯುತ್ತದೆ. ಚಪಾತಿ ಹಿಟ್ಟು ನಾದುವಾಗ, ಬಟ್ಟೆ ಒಗೆಯುವಾಗಲೂ ಹೆಜ್ಜೆ ಏರಬಹುದು. ಸೂಪರ್ ಮಾರ್ಕೆಟಿನ ಗಾಡಿ ತಳ್ಳುವಾಗ ಕೈ ಅಲ್ಲಾಡದ ಕಾರಣ ನಿಜವಾದ ಹೆಜ್ಜೆಗಳೇ ತಪ್ಪಿಹೋಗುತ್ತವೆ.

ಮೊದಲ ವಾರ ಏನನ್ನೂ ಬದಲಿಸದೆ ಬರೀ ಕಟ್ಟಿಕೊಳ್ಳಿ. ಸರಾಸರಿ 4200 ಬಂದರೆ ಮುಂದಿನ ಎರಡು ವಾರಕ್ಕೆ ಗುರಿ 6000, ಆಮೇಲೆ 7500. ಹತ್ತು ಸಾವಿರ ಹೆಜ್ಜೆ ಎಂಬ ಗುರಿ ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ. ಅದು ವೈದ್ಯಕೀಯ ಗಡಿಯಲ್ಲ. ಮಂಡಿ ನೋವಿರುವವರು ಅದರ ಹಿಂದೆ ಬಿದ್ದು ನೋವು ಹೆಚ್ಚಿಸಿಕೊಳ್ಳುವುದು ಬೇಡ.

ಹಂತ 3: ಆ್ಯಪಿನಲ್ಲಿ ಒಂದೇ ಖರ್ಚು ಎರಡು ಸಲ ಸೇರದಿರಲಿ

ತೂಕ ಇಳಿಯದವರ ಆ್ಯಪಿನಲ್ಲಿ ಈ ತಪ್ಪು ಸಾಮಾನ್ಯ. ಪ್ರೊಫೈಲಿನಲ್ಲಿ ‘ಚಟುವಟಿಕೆಯುಳ್ಳವರು’ ಎಂದು ಆರಿಸಿದಾಗಲೇ ನಡಿಗೆಯ ಖರ್ಚು ಗುರಿಯೊಳಗೆ ಸೇರಿರುತ್ತದೆ. ಬ್ಯಾಂಡನ್ನು ಜೋಡಿಸಿದರೆ ಅದೇ ನಡಿಗೆ ಮತ್ತೊಮ್ಮೆ ಕೂಡುತ್ತದೆ. ಸೆಟ್ಟಿಂಗ್ಸಿಗೆ ಹೋಗಿ, ವ್ಯಾಯಾಮದ ಕ್ಯಾಲೊರಿಯನ್ನು ಊಟದ ಗುರಿಗೆ ಸೇರಿಸುವ ಆಯ್ಕೆಯನ್ನು ಆಫ್ ಮಾಡಿ. ಫೋನು ಮತ್ತು ವಾಚು ಎರಡೂ ಹೆಜ್ಜೆ ಕಳಿಸುತ್ತಿದ್ದರೆ ಒಂದನ್ನು ಮಾತ್ರ ಉಳಿಸಿ.

ಹಂತ 4: ಅಡುಗೆಮನೆ

5 ಕೆ.ಜಿ.ವರೆಗೆ ತೂಗುವ, ಒಂದೊಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಒಡೆಯದ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಇಟ್ಟು ಅದು ಸರಿಯಿದೆಯೇ ನೋಡಿಕೊಳ್ಳಿ. ಆ್ಯಪಿನಲ್ಲಿರುವ ‘ಒಂದು ಬಟ್ಟಲು’ ಯಾರ ಮನೆಯ ಬಟ್ಟಲೋ ಗೊತ್ತಿಲ್ಲ, ಹಾಗಾಗಿ ಗ್ರಾಂ ಲೆಕ್ಕವನ್ನೇ ಆರಿಸಿ.

ಅನ್ನದಲ್ಲಿ ಎಡವುವುದು ಸುಲಭ. 200 ಗ್ರಾಂ ಅಕ್ಕಿ ಬೆಂದು ಸುಮಾರು 560 ಗ್ರಾಂ ಅನ್ನವಾಗುತ್ತದೆ. ಅಕ್ಕಿಗೆ 100 ಗ್ರಾಮಿಗೆ ಸುಮಾರು 350 ಕ್ಯಾಲೊರಿ, ಅನ್ನಕ್ಕೆ ಸುಮಾರು 125. ತಟ್ಟೆಯಲ್ಲಿ 200 ಗ್ರಾಂ ಅನ್ನ ತೂಗಿ ಆ್ಯಪಿನಲ್ಲಿ ‘ಅಕ್ಕಿ 200’ ಎಂದು ಒತ್ತಿದರೆ 250 ಇರಬೇಕಾದಲ್ಲಿ 700 ಬೀಳುತ್ತದೆ. ಅದೇ ಉಲ್ಟಾ ಆದರೆ ಹೆಚ್ಚು ತಿಂದೂ ಕಡಿಮೆ ತಿಂದೆವೆಂದು ನಂಬುತ್ತೇವೆ. ಮುದ್ದೆಯನ್ನು ಹಿಟ್ಟಿನಲ್ಲೇ ಅಳೆಯಿರಿ: 70 ಗ್ರಾಂ ರಾಗಿ ಹಿಟ್ಟಿನ ಮುದ್ದೆಗೆ ಸುಮಾರು 225. ನೀರು ಎಷ್ಟು ಹಿಡಿದರೂ ಈ ಅಂಕಿ ಬದಲಾಗುವುದಿಲ್ಲ.

ಹುಳಿ, ಪಲ್ಯ, ಸಾಗುವಿಗೆ ಪಾತ್ರೆಯ ಲೆಕ್ಕವೇ ಸರಿ. ಮನೆಯ ನಾಲ್ಕೈದು ಪಾತ್ರೆಗಳನ್ನು ಖಾಲಿ ತೂಗಿ, ತೂಕವನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ. ಹುಳಿಗೆ 150 ಗ್ರಾಂ ತೊಗರಿಬೇಳೆ (ಸುಮಾರು 500), 400 ಗ್ರಾಂ ತರಕಾರಿ (120), 50 ಗ್ರಾಂ ತೆಂಗಿನತುರಿ (200), ಎರಡು ದೊಡ್ಡ ಚಮಚ ಎಣ್ಣೆ (240), ಪುಡಿ ಮತ್ತು ಹುಣಸೆಹಣ್ಣು (60) ಹಾಕಿದರೆ ಒಟ್ಟು 1120. ಕುದಿದ ಮೇಲೆ ಪಾತ್ರೆಯ ತೂಕ ಕಳೆದು ಹುಳಿ 1800 ಗ್ರಾಂ ಇದ್ದರೆ 100 ಗ್ರಾಮಿಗೆ 62. ನೀವು ಬಡಿಸಿಕೊಂಡ 250 ಗ್ರಾಮಿಗೆ 155. ಒಮ್ಮೆ ಇದನ್ನು ಆ್ಯಪಿನ ‘ನನ್ನ ಅಡುಗೆ’ಯಲ್ಲಿ ಉಳಿಸಿಟ್ಟರೆ ಮುಂದಿನ ಬಾರಿ ಒಟ್ಟು ತೂಕ ಬದಲಿಸಿದರಾಯಿತು.

ಮೇಲಿನ ಲೆಕ್ಕದಲ್ಲಿ 27 ಗ್ರಾಂ ಎಣ್ಣೆ 400 ಗ್ರಾಂ ತರಕಾರಿಯ ಎರಡರಷ್ಟು ಕ್ಯಾಲೊರಿ ಕೊಟ್ಟಿರುವುದನ್ನು ಗಮನಿಸಿ. ಒಂದು ಟೀ ಚಮಚ ಎಣ್ಣೆಗೆ 40. ಕಾವಲಿಗೆ ಕ್ಯಾನಿನಿಂದಲೇ ಸುರಿದರೆ ಒಂದಲ್ಲ, ಮೂರು ಚಮಚ ಬೀಳುವುದು ಗೊತ್ತೇ ಆಗುವುದಿಲ್ಲ. ನಿತ್ಯ ಅಳೆಯಲು ಆಗದಿದ್ದರೆ ತಿಂಗಳ ಲೆಕ್ಕ ಹಿಡಿಯಿರಿ. ನಾಲ್ವರಿರುವ ಮನೆಯಲ್ಲಿ ತಿಂಗಳಿಗೆ 3 ಲೀಟರ್ ಖಾಲಿಯಾಗುತ್ತಿದ್ದರೆ ತಲಾ ದಿನಕ್ಕೆ 25 ಮಿ.ಲೀ., ಅಂದರೆ ಸುಮಾರು 205 ಕ್ಯಾಲೊರಿ. ಆ್ಯಪಿನಲ್ಲಿ ನಿಮ್ಮ ಎಣ್ಣೆ 60 ಕ್ಯಾಲೊರಿ ಮಾತ್ರ ತೋರಿಸುತ್ತಿದ್ದರೆ ಉಳಿದ 145 ಎಲ್ಲಿ ತಪ್ಪಿತೆಂದು ಹುಡುಕಿ. ಒಗ್ಗರಣೆ, ದೋಸೆ ಕಾವಲಿ, ಚಟ್ನಿಪುಡಿಗೆ ಕಲಸಿಕೊಂಡದ್ದು, ಇವೇ ಸಾಮಾನ್ಯವಾಗಿ ಬಿಟ್ಟುಹೋಗುವುದು.

ಕಾಫಿಯೂ ಹಾಗೆಯೇ. 3% ಕೊಬ್ಬಿನ ಟೋನ್ಡ್ ಹಾಲು 80 ಮಿ.ಲೀ., ಸಕ್ಕರೆ ಎರಡು ಚಮಚ ಸೇರಿದರೆ 85. ದಿನಕ್ಕೆ ಮೂರಾದರೆ 255.

ಇತರ ಬಳಕೆದಾರರು ಸೇರಿಸಿದ ಅಂಕಿಗಳನ್ನು ಕಣ್ಣುಮುಚ್ಚಿ ಆರಿಸಬೇಡಿ. ಪ್ರೋಟೀನ್ ಮತ್ತು ಕಾರ್ಬೊಹೈಡ್ರೇಟ್ ಗ್ರಾಮುಗಳನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿ. ಮೊತ್ತ ತೋರಿಸಿರುವ ಕ್ಯಾಲೊರಿಗೆ ಹತ್ತಿರವಿಲ್ಲದಿದ್ದರೆ ಬೇರೆಯದನ್ನು ಹುಡುಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿ ನಮ್ಮ 528 ಆಹಾರವಸ್ತುಗಳ ವಿವರವಿದೆ. ಆ್ಯಪಿನ ಅಂಕಿಯ ಮೇಲೆ ಅನುಮಾನ ಬಂದರೆ ಅದನ್ನೇ ನೋಡಿ.

ಹೋಟೆಲಿನಲ್ಲಿ ತೂಗಲಾಗದು. ಮನೆಯ ದೋಸೆಯ ಲೆಕ್ಕಕ್ಕೆ ಎರಡು ಚಮಚ ತುಪ್ಪ ಕೂಡಿಸಿ ಬರೆಯಿರಿ. ಹಬ್ಬದ ಒಬ್ಬಟ್ಟನ್ನೂ ಬರೆಯಿರಿ. ಒಂದು ದಿನದ ಹೆಚ್ಚನ್ನು ಏಳು ದಿನಗಳ ಸರಾಸರಿ ತಡೆದುಕೊಳ್ಳುತ್ತದೆ. ಬರೆಯದೆ ಬಿಟ್ಟ ದಿನ ಮಾತ್ರ ಇಡೀ ವಾರದ ಲೆಕ್ಕವನ್ನು ಕೆಡಿಸುತ್ತದೆ.

ಹಂತ 5: ತೂಕ ನೋಡಿ ತಿದ್ದುವುದು

ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು, ಗಟ್ಟಿ ನೆಲದ ಮೇಲೆ ಒಂದೇ ಜಾಗದಲ್ಲಿ ಯಂತ್ರವಿಟ್ಟು ನಿತ್ಯ ತೂಗಿ. ದಿನದ ಅಂಕಿಗೆ ಬೆಲೆ ಕೊಡಬೇಡಿ. ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ ದೇಹ ನೀರು ಹಿಡಿದು ತೂಕ ಒಂದು ಕೆ.ಜಿ.ವರೆಗೆ ಏರಬಹುದು. ಮುಟ್ಟಿನ ದಿನಗಳ ಆಸುಪಾಸಿನಲ್ಲೂ ಹಾಗೇ ಆಗುತ್ತದೆ, ಆದ್ದರಿಂದ ಹೆಂಗಸರು ಋತುಚಕ್ರದ ಅದೇ ವಾರವನ್ನು ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸಿದರೆ ಸರಿ. ತಿಂಗಳಿಗೊಮ್ಮೆ ಟೇಪಿನಿಂದ ಸೊಂಟವನ್ನೂ ಅಳೆಯಿರಿ. ನಮ್ಮವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಎಚ್ಚರಿಕೆಯ ಗಡಿ.

ಊಟ ಇಳಿಸಿದ ಮೊದಲ ವಾರದಲ್ಲಿ ಹೆಚ್ಚಾಗಿ ಹೋಗುವುದು ನೀರು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೇ ವಾರದ ಸರಾಸರಿಯಿಂದ ಐದನೇ ವಾರದ ಸರಾಸರಿಯನ್ನು ಕಳೆಯಿರಿ. 400ರ ಕಡಿತಕ್ಕೆ ಈ ಮೂರು ವಾರಗಳಲ್ಲಿ 1.1 ಕೆ.ಜಿ. ಇಳಿಯಬೇಕಿತ್ತು, ಇಳಿದದ್ದು ಅರ್ಧ ಕೆ.ಜಿ. ಎಂದುಕೊಳ್ಳಿ. ಕೊರತೆ 0.6 ಕೆ.ಜಿ. ಅದನ್ನು 7700ರಿಂದ ಗುಣಿಸಿ 21 ದಿನಕ್ಕೆ ಹಂಚಿದರೆ ದಿನಕ್ಕೆ 220. ಬರವಣಿಗೆಯಲ್ಲಿ ಇಷ್ಟು ತಪ್ಪಿರಬಹುದು, ಅಥವಾ ನಿಮ್ಮ ದೇಹದ ಖರ್ಚು ಸೂತ್ರ ಹೇಳಿದ್ದಕ್ಕಿಂತ ಇಷ್ಟು ಕಡಿಮೆ ಇರಬಹುದು. ಮೊದಲು ಎಣ್ಣೆ, ಕಾಫಿ, ಕುರುಕು ತಿಂಡಿಯನ್ನು ಒಂದು ವಾರ ಕಟ್ಟುನಿಟ್ಟಾಗಿ ಅಳೆಯಿರಿ. ಅಲ್ಲಿ ಏನೂ ಸಿಗದಿದ್ದರೆ ಗುರಿಯನ್ನು 100 ಇಳಿಸಿ, 1500 ಹೆಜ್ಜೆ ಏರಿಸಿ, ಮತ್ತೆ ಮೂರು ವಾರ ನೋಡಿ. ವಾರಕ್ಕೆ ಒಂದು ಕೆ.ಜಿ.ಗಿಂತ ವೇಗವಾಗಿ ಇಳಿಯುತ್ತಿದ್ದರೆ, ತಲೆಸುತ್ತು ಅಥವಾ ಸುಸ್ತು ಇದ್ದರೆ, ಊಟ ಹೆಚ್ಚಿಸಿ. 5 ಕೆ.ಜಿ. ಇಳಿದ ಮೇಲೆ ಸೂತ್ರವನ್ನು ಹೊಸ ತೂಕದೊಂದಿಗೆ ಮತ್ತೆ ಹಾಕಿ. ಮೇಲಿನ ಉದಾಹರಣೆಯ ಮಹಿಳೆಗೆ ದಿನದ ಖರ್ಚು ಆಗ ಸುಮಾರು 70 ಕ್ಯಾಲೊರಿ ಕಡಿಮೆಯಾಗಿರುತ್ತದೆ.