ತೇಗದ ಮೈಯ ಎಂಜಿ: ಎರಡು ಮಳೆಗಾಲ ದಾಟಿದ ಮೇಲೆ

ಈ ಆಗಸ್ಟಿನ ಮಳೆಯಲ್ಲಿ ಶೆಡ್ಡಿಗೆ ಬಂದ ಬೆಂಗಳೂರಿನ ಗೆಳೆಯ ನನ್ನ ಎಂಜಿ ಟಿಡಿಯ (ಇಂಗ್ಲೆಂಡಿನ ಹಳೆ ಕಾಲದ ಪುಟ್ಟ ಸ್ಪೋರ್ಟ್ಸ್ ಕಾರು) ಬಾಗಿಲನ್ನು ಆರು ಸಲ ತೆಗೆದು ಹಾಕಿ ನೋಡಿದ. ಆರು ಸಲವೂ ‘ಟಕ್’. ‘ತೇಗದಲ್ಲಿ ಕಾರಿನ ಫ್ರೇಮಾ? ಸುಮ್ನೆ ಮಂಚ ಮಾಡಿಸ್ಕೋ ಮಾರಾಯ’ ಎಂದು ನಕ್ಕವನೂ ಇವನೇ. ಅದಕ್ಕೇ ಬರೆಯುತ್ತಿದ್ದೇನೆ.

ಕಾರು 1951ರದ್ದು. ಕೊಡಗಿನ ಸುಂಟಿಕೊಪ್ಪ ಕಡೆಯ ತೋಟವೊಂದರ ಗೋದಾಮಿನಲ್ಲಿ ಗೋಣಿಚೀಲಗಳ ಅಡಿ 25 ವರ್ಷವಾದರೂ ಬಿದ್ದಿತ್ತು. ಷಾಸಿ (ಕಾರಿನ ಅಡಿಯ ಚೌಕಟ್ಟು) ಗಟ್ಟಿ, ಎಂಜಿನ್ ಜಾಮ್. ಈ ಕಾರಿನ ಮೈಯ ತಗಡಿನ ಒಳಗಿರುವುದು ಮರದ ಫ್ರೇಮ್. ಆ್ಯಶ್ ಎಂಬ ಆ ವಿಲಾಯಿತಿ ಮರ ಮಾತ್ರ ಬೆರಳಲ್ಲಿ ಒತ್ತಿದರೆ ಕಾಫಿಪುಡಿಯ ಹಾಗೆ ಉದುರುತ್ತಿತ್ತು. ಇಂಗ್ಲೆಂಡಿನಿಂದ ಹೊಸ ಫ್ರೇಮ್ ತರಿಸಲು ಸಾಗಣೆ, ಡ್ಯೂಟಿ ಸೇರಿ ಮೂರೂವರೆ ಲಕ್ಷದ ಹತ್ತಿರ. ತಂದರೂ ಅದೇ ಆ್ಯಶ್, ಅದೇ ನಮ್ಮ ಮಳೆ. ಮತ್ತೆ ಲಡ್ಡಾಗುವುದೇ ಅಲ್ವಾ?

ಹಳೆ ಕೊಟ್ಟಿಗೆ ಕೆಡವಿದಾಗ ಸಿಕ್ಕ ತೇಗದ ತೊಲೆಗಳಿದ್ದವು. ಅಜ್ಜನ ಕಾಲದವು, ಚೆನ್ನಾಗಿ ಒಣಗಿದ್ದವು. ಆಚಾರಿಯನ್ನು ಕರೆಸಿದೆ.

ಮೊದಲನೇ ಫ್ರೇಮ್ ಪೂರ್ತಿ ದಂಡ. ಹಳೆ ತುಂಡುಗಳ ಅಳತೆ ಹಿಡಿದು ಮೇಜಿನ ಮೇಲೆ ಜೋಡಿಸಿದೆವು. ನೋಡಲು ಬಲು ಚೆಂದ. ಷಾಸಿ ಮೇಲೆ ಕೂರಿಸಿದರೆ ಎಡಬಾಗಿಲಿನ ಸಂದಿಯಲ್ಲಿ ಹೆಬ್ಬೆರಳು ತೂರುತ್ತಿತ್ತು, ಬಲಬಾಗಿಲು ಹಾಕಲೇ ಆಗಲಿಲ್ಲ. ಸಾಲದ್ದಕ್ಕೆ ಅಂಟು ಬೇರೆ ಬಿಟ್ಟಿತು, ತೇಗದಲ್ಲಿ ಎಣ್ಣೆ ಜಾಸ್ತಿ. ಕೂಲಿಯೇ 18 ಸಾವಿರ ನೀರಿಗೆ ಹೋಯಿತು. ಎರಡನೇ ಸಲ ಷಾಸಿ ಮೇಲೆಯೇ ಕಟ್ಟಿದೆವು. ಮೊದಲು ಬಾಗಿಲು ನಿಲ್ಲಿಸಿ, ಅದರ ಸುತ್ತ ಮರ. ಅಂಟು ಹಚ್ಚುವ ಸ್ವಲ್ಪ ಮೊದಲು ಅಸಿಟೋನಿನಲ್ಲಿ ಒರೆಸಿ ಎಪಾಕ್ಸಿ, ಮೇಲೆ ಹಿತ್ತಾಳೆ ಸ್ಕ್ರೂ. ಮಳೆಗೆ ಮರ ಉಬ್ಬುತ್ತದೆಂದು ಏಪ್ರಿಲ್‌ನಲ್ಲಿ ಸಂದಿ ಎಷ್ಟು ಬಿಟ್ಟೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಎರಡು ವರ್ಷ ಕೊಟ್ಟು ಕಲಿತದ್ದು. ಎರಡೂ ಫ್ರೇಮ್ ಸೇರಿ 70 ಸಾವಿರದೊಳಗೆ ಮುಗಿಯಿತು ಅಂತ ನೆನಪು.

ಎಂಜಿನ್‌ದು ಬೇರೆಯೇ ಗೋಳು. ಎಕ್ಸ್‌ಪಿಎಜಿ (ಟಿಡಿಯ ಎಂಜಿನ್ನಿನ ಹೆಸರು) ಬಿಚ್ಚಿದವರಿಗೆ ಗೊತ್ತು: ಬೋಲ್ಟಿನ ತಲೆ ವಿಟ್‌ವರ್ತ್ ಎಂಬ ಹಳೆ ಇಂಗ್ಲಿಷ್ ಇಂಚಿನ ಅಳತೆ, ಥ್ರೆಡ್ ಮೆಟ್ರಿಕ್. ಅದೂ ಅಂಗಡಿಯಲ್ಲಿ ಸಿಗುವ ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ) ಅಲ್ಲ. ಅಂಗಡಿಯ 8 ಎಂಎಂ ಬೋಲ್ಟಿನ ಪಿಚ್ 1.25, ಇದರದ್ದು 1. ನಾನು ಅಂಗಡಿಯದ್ದನ್ನೇ ಹಾಕಿದೆ. ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೆಯದಕ್ಕೆ ಸ್ಪ್ಯಾನರ್ ಹಾಕಿ ಒತ್ತಿದೆ. ಬ್ಲಾಕಿನ ತೂತಿನಿಂದ ಸುರುಳಿ ಸುರುಳಿ ಕಬ್ಬಿಣ ಕೈಗೆ ಬಂತು. ಆ ರಾತ್ರಿ ಊಟ ಸೇರಲಿಲ್ಲ. ಮುಖವನ್ನೇ ನೋಡಿರದ ಕೊಯಮತ್ತೂರಿನ ಒಬ್ಬರು ಸರಿಯಾದ ಟ್ಯಾಪನ್ನು (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಕೊರಿಯರ್ ಮಾಡಿದರು. ದುಡ್ಡು ಬೇಡವಂತೆ, ಎರಡು ಕೆಜಿ ಕಾಫಿಪುಡಿ ಸಾಕಂತೆ. ಈಗ ಆ ಟ್ಯಾಪ್ ಊರೂರು ಸುತ್ತುತ್ತಿದೆ, ಸದ್ಯ ಮಂಗಳೂರಿನಲ್ಲಿದೆ.

ನಡುವೆ ಒಂದು ಹುಚ್ಚು ಪ್ರಯೋಗ. ತುಕ್ಕು ಹಿಡಿದ ನಟ್ಟುಗಳನ್ನು ಒಂದು ರಾತ್ರಿ ಕಾಚಂಪುಳಿಯಲ್ಲಿ (ಕೊಡಗಿನ ಅಡುಗೆಯ ಕಪ್ಪು ಹುಳಿ) ನೆನೆಹಾಕಿದೆ. ತುಕ್ಕು ಹೋಗಿ ನಟ್ಟುಗಳು ಕಪ್ಪಗೆ ಹೊಳೆಯುತ್ತಿದ್ದವು. ಅವ್ವ ಖಾಲಿ ಬಾಟಲಿ ನೋಡಿ, ‘ಇನ್ನು ಪಂದಿ ಕರಿಗೆ ನಟ್ಟು ಹಾಕಿ ತಿನ್ನು’ ಎಂದರು. ಪಂದಿ ಕರಿ ಎಂದರೆ ನಮ್ಮ ಹಂದಿಮಾಂಸದ ಸಾರು, ಅದಕ್ಕೆ ಬೇಕಾದ ಹುಳಿ ಇದೇ. ಕಾಚಂಪುಳಿಯ ಬೆಲೆಗೆ ಇದು ಗಿಟ್ಟುವುದಿಲ್ಲ, ಅಂಗಡಿಯ ರಸ್ಟ್ ರಿಮೂವರೇ ವಾಸಿ.

ಬಾಡಿ ಎತ್ತಿ ಇಳಿಸಲು ಪ್ರತಿ ಸಲ ಆರು ಜನ ಬೇಕಿತ್ತು. ಗೋಣಿಕೊಪ್ಪದಿಂದ ಇಬ್ಬರು ಜೀಪಿನಲ್ಲಿ, ಪೊನ್ನಂಪೇಟೆಯ ಒಬ್ಬ ಹಳೆ ಜಾವಾ ಬೈಕಿನಲ್ಲಿ ಬರುತ್ತಿದ್ದರು. ಕೂಲಿ ಎಂದರೆ ಕಡುಂಬುಟ್ಟು (ಅಕ್ಕಿತರಿಯ ಉಂಡೆ), ಪಂದಿ ಕರಿ. ಹತ್ತು ನಿಮಿಷದ ಕೆಲಸ, ಆಮೇಲೆ ಸಂಜೆವರೆಗೆ ಕಾರ್ಬುರೇಟರ್ ಜಗಳ. ಕೆಲವು ಭಾನುವಾರ ಎತ್ತುವ ಕೆಲಸ ಇಲ್ಲದಿದ್ದರೂ ಕರೆದಿದ್ದೇನೆ, ಸುಳ್ಳೇಕೆ?

ಮೊದಲ ಓಟದಲ್ಲಿ ತಿತಿಮತಿ ರಸ್ತೆಯ ತಿರುವಿನಲ್ಲಿ ಎಡಬಾಗಿಲು ತೆರೆದುಕೊಂಡಿತು. ಟಿಡಿಯ ಬಾಗಿಲಿನ ಹಿಂಜು ಹಿಂದೆ ಇರುವುದರಿಂದ ಗಾಳಿ ಹೊಕ್ಕು ಪಟಾರನೆ ಹಾರಿತು. ಪಕ್ಕದಲ್ಲಿ ಕೂತ ಆಚಾರಿ ಅದನ್ನು ಮನೆವರೆಗೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದ. ತಪ್ಪು ಮರದ್ದಲ್ಲ, ನಾನು ಕೂರಿಸಿದ ಚಿಲಕದ್ದು.

ಹುಡ್ (ಮೇಲಿನ ಬಟ್ಟೆಯ ಮಾಡು) ಇನ್ನೂ ಸೋರುತ್ತದೆ. ವಿರಾಜಪೇಟೆಯಲ್ಲಿ ಜೀಪಿನ ಟಾಪ್ ಹೊಲಿಯುವವರಿಗೆ ಕೊಟ್ಟಿದ್ದೇನೆ. ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆಯಲಿ ಅಂದಿದ್ದಾರೆ.